ಧಾರವಾಡದ ಸಪ್ತಾಪುರದ ಓದುಕೋಣೆಗಳಲ್ಲಿ ಕೂತವರಿಗೆ



ಬೆಳಗಿನ ಆರಕ್ಕೆ ನಾನು ಕೆಲಗೇರಿ ಕೆರೆಯ ಕಡೆ ಹೊರಡುವ ಹೊತ್ತಿಗೆ ನಿಮ್ಮ ಓದುಕೋಣೆಗಳ ದೀಪ ಹತ್ತಿರುತ್ತದೆ. ಮೆಟ್ಟಿಲ ಬುಡದಲ್ಲಿ ಚಪ್ಪಲಿಗಳ ಸಾಲು. ಒಳಗೆ ಪ್ಲೈವುಡ್ಡಿನ ಪುಟ್ಟ ಪುಟ್ಟ ಖಾನೆ, ಖಾನೆಗೊಂದು ಬಲ್ಬು, ಬಲ್ಬಿನ ಕೆಳಗೆ ಬಗ್ಗಿದ ಒಂದು ತಲೆ. ರಾಯಚೂರು, ಯಾದಗಿರಿ, ಕೊಪ್ಪಳ, ಗದಗ, ವಿಜಯಪುರದ ಹಳ್ಳಿಗಳಿಂದ ಬಂದವರು ನೀವು. ಊರ ಬಸ್ಸಿನಲ್ಲಿ ಬರುವ ರೊಟ್ಟಿ ಬುತ್ತಿಗಾಗಿ ನೀವು ನಿಲ್ದಾಣದಲ್ಲಿ ಕಾಯುವುದನ್ನು ನೋಡಿದ್ದೇನೆ. ಸರ್ಕಾರಿ ನೇಮಕಾತಿಯ ಅಧಿಸೂಚನೆಗಾಗಿ, ಪರೀಕ್ಷೆಯ ಕೀ ಉತ್ತರಕ್ಕಾಗಿ, ಆಯ್ಕೆ ಪಟ್ಟಿಗಾಗಿ, ಕೋರ್ಟಿನ ತಡೆಯಾಜ್ಞೆ ತೆರವಾಗುವುದಕ್ಕಾಗಿ ಕಾಯುವುದನ್ನೂ ನೋಡಿದ್ದೇನೆ.

ಮೂವತ್ತು ವರ್ಷ ಸರ್ಕಾರಿ ಕಾಲೇಜುಗಳಲ್ಲಿ ಅರ್ಥಶಾಸ್ತ್ರ ಪಾಠ ಹೇಳಿ ನಾನು ನಿವೃತ್ತಳಾದ ಮೇಲೂ ನಿಮ್ಮಲ್ಲಿ ಕೆಲವರು ಭಾನುವಾರ ಪ್ರಬಂಧ ತಿದ್ದಿಸಿಕೊಳ್ಳಲು ನಮ್ಮ ಮನೆಗೆ ಬರುತ್ತೀರಿ. ಹೋದ ತಿಂಗಳು 'ಸರ್ಕಾರದ ಗಾತ್ರ ಮತ್ತು ಆರ್ಥಿಕ ಬೆಳವಣಿಗೆ' ಎಂಬ ವಿಷಯ ಕೊಟ್ಟಿದ್ದೆ. ಮೂವತ್ತೆಂಟು ಪ್ರಬಂಧ ಬಂದವು. ಮೂವತ್ತೈದರಲ್ಲಿ ಒಂದೇ ಮಾತು: ಸರ್ಕಾರ ದೊಡ್ಡದಾದಷ್ಟೂ ಬೆಳವಣಿಗೆ ಕುಗ್ಗುತ್ತದೆ, ಆದ್ದರಿಂದ ಸರ್ಕಾರ ಸಣ್ಣದಾಗಬೇಕು. ಉಳಿದ ಮೂರರಲ್ಲಿ ಅದರ ತದ್ವಿರುದ್ಧ. ಎರಡೂ ಗೈಡುಗಳಿಂದಲೇ ಬಂದದ್ದು, ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆದರೆ ನಾಳೆ ನೀವೇ ಸರ್ಕಾರವಾಗುವವರು. ತಹಶೀಲ್ದಾರರ ಕಚೇರಿಯ ಮೇಜಿನ ಆಚೆ ಬದಿಗೆ ಕೂರುವವರು. ಆ ಗಾತ್ರದಲ್ಲಿ ನೀವೂ ಒಂದು ಅಂಕಿಯಾಗುತ್ತೀರಿ. ಅದು ಏನೆಂದು ನಾಲ್ಕು ಸಾಲಿನ ಗೈಡಿಗಿಂತ ಚೆನ್ನಾಗಿ ನಿಮಗೆ ತಿಳಿದಿರಬೇಕೆಂಬ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಗೈಡಿನಲ್ಲಿರುವುದು ಪೂರ್ತಿ ಸುಳ್ಳಲ್ಲ. ಸರ್ಕಾರವೇ ಇಲ್ಲದ ನಾಡಿನಲ್ಲಿ ಬೆಳೆದದ್ದು ಯಾರ ಪಾಲೆಂಬುದಕ್ಕೆ ಖಾತ್ರಿಯಿಲ್ಲ, ರಸ್ತೆಯಿಲ್ಲ, ತಕರಾರು ತೀರಿಸುವವರಿಲ್ಲ. ಅಲ್ಲಿ ಯಾರೂ ನಾಳೆಗೆಂದು ಬಿತ್ತುವುದಿಲ್ಲ. ಎಲ್ಲವೂ ಸರ್ಕಾರದ್ದೇ ಆದ ನಾಡಿನಲ್ಲಿ ಹೆಚ್ಚು ದುಡಿದವನಿಗೆ ಹೆಚ್ಚು ಸಿಗುವುದಿಲ್ಲ, ಅಲ್ಲೂ ಕೈ ಸೋಲುತ್ತದೆ. ಇವೆರಡರ ನಡುವೆ ಎಲ್ಲೋ ಒಂದು ಕಡೆ ಬೆಳವಣಿಗೆ ಶಿಖರ ಮುಟ್ಟುತ್ತದೆ ಎಂದು ಗುಡ್ಡದಾಕಾರದ ಒಂದು ಗೆರೆ ಎಳೆದು ತೋರಿಸುತ್ತಾರೆ. ಅಮೆರಿಕದ ರಾಜಕಾರಣಿ ಡಿಕ್ ಆರ್ಮಿಯ ಹೆಸರಿನಲ್ಲಿ ಅದು ಪ್ರಸಿದ್ಧ. ರಾಬರ್ಟ್ ಬ್ಯಾರೋ 1990ರಲ್ಲಿ ಅದಕ್ಕೊಂದು ಗಣಿತದ ಚೌಕಟ್ಟು ಕೊಟ್ಟರು. ಆ ಶಿಖರ ಎಲ್ಲಿದೆ ಎಂದು ಕೇಳಿದರೆ ಮಾತ್ರ ಒಬ್ಬೊಬ್ಬ ಪಂಡಿತರದು ಒಂದೊಂದು ಉತ್ತರ. ಇನ್ನೊಂದು ತೊಡಕೂ ಇದೆ. ದೇಶ ಶ್ರೀಮಂತವಾದಂತೆ ಜನ ಶಾಲೆ, ಆಸ್ಪತ್ರೆ, ಪಿಂಚಣಿ ಕೇಳುತ್ತಾರೆ, ಸರ್ಕಾರ ತಾನಾಗಿ ಹಿಗ್ಗುತ್ತದೆ ಎಂದು ಜರ್ಮನಿಯ ಅಡಾಲ್ಫ್ ವ್ಯಾಗ್ನರ್ 19ನೇ ಶತಮಾನದಲ್ಲೇ ಹೇಳಿದ್ದರು. ಹಾಗಾದರೆ ಎತ್ತು ಬಂಡಿಯನ್ನು ಎಳೆಯುತ್ತಿದೆಯೋ, ಇಳಿಜಾರಿನಲ್ಲಿ ಬಂಡಿಯೇ ಎತ್ತನ್ನು ನೂಕುತ್ತಿದೆಯೋ? ಬರೀ ಅಂಕಿಸಂಖ್ಯೆ ನೋಡಿ ಇದನ್ನು ಬಿಡಿಸುವುದು ಕಷ್ಟ.

ಹಾಗಾಗಿ ಗೆರೆಗಳನ್ನು ಬದಿಗಿಟ್ಟು ದೇಶಗಳನ್ನೇ ನೋಡೋಣ. ನೀವೆಲ್ಲ ಹೆಸರಿಸುವ ಸ್ವೀಡನ್ನಿನಿಂದಲೇ ಶುರುಮಾಡುತ್ತೇನೆ.

ಪಿಪ್ಪಿ ಎಂಬ ತುಂಟ ಹುಡುಗಿಯ ಕಥೆಗಳನ್ನು ಬರೆದ ಆಸ್ಟ್ರಿಡ್ ಲಿಂಡ್‌ಗ್ರೆನ್ 1976ರಲ್ಲಿ ತಮ್ಮ ತೆರಿಗೆ ಲೆಕ್ಕ ನೋಡಿ ದಂಗಾದರು. ಸ್ವಂತ ದುಡಿಮೆಯವರಿಗೆ ಬೀಳುತ್ತಿದ್ದ ಎರಡು ಬಗೆಯ ತೆರಿಗೆ ಕೂಡಿ, ಗಳಿಕೆಯ ಕೊನೆಯ ನೂರು ಕ್ರೋನಾಗೆ 102 ಕ್ರೋನಾ ತೆರಿಗೆ ಕಟ್ಟಬೇಕಾಗಿತ್ತು. ಅವರು ಮಕ್ಕಳ ಕಥೆಯ ಧಾಟಿಯಲ್ಲಿ ಪತ್ರಿಕೆಗೆ ಒಂದು ವಿಡಂಬನೆ ಬರೆದರು. ದೇಶವೆಲ್ಲ ಅದನ್ನೇ ಓದಿತು. ನಾಲ್ಕು ದಶಕ ಆಳಿದ್ದ ಪಕ್ಷ ಆ ವರ್ಷದ ಚುನಾವಣೆಯಲ್ಲಿ ಸೋತಿತು. ಆದರೂ ಸರ್ಕಾರದ ಖರ್ಚು ಏರಿ, 90ರ ದಶಕದ ಆರಂಭದ ಬ್ಯಾಂಕ್ ಬಿಕ್ಕಟ್ಟಿನಲ್ಲಿ ದೇಶದ ಒಟ್ಟು ಉತ್ಪನ್ನದ ಮೂರನೇ ಎರಡು ಪಾಲು ಮುಟ್ಟಿತು. ಆ ದಶಕದಲ್ಲಿ ಅವರು ಹಿಂದೆ ಸರಿದರು. ತೆರಿಗೆ ದರ ಇಳಿಸಿದರು, ಖರ್ಚಿಗೆ ಮಿತಿ ಹಾಕಿಕೊಂಡರು, ಪಿಂಚಣಿ ಪದ್ಧತಿ ಬದಲಿಸಿದರು, ವಿದ್ಯುತ್ತು ದೂರವಾಣಿಗಳಲ್ಲಿ ಪೈಪೋಟಿಗೆ ಬಾಗಿಲು ತೆಗೆದರು. ಬೆಳವಣಿಗೆ ಮರಳಿತು. ಇಷ್ಟನ್ನು ನೀವು ಬರೆದಿದ್ದೀರಿ. ಮುಂದಿನ ಮಾತನ್ನು ಯಾರೂ ಬರೆದಿಲ್ಲ: ಅಷ್ಟೆಲ್ಲ ಇಳಿಸಿದ ಮೇಲೂ ಸ್ವೀಡನ್ನಿನ ಸರ್ಕಾರ ಇಂದಿಗೂ ಉತ್ಪನ್ನದ ಸುಮಾರು ಅರ್ಧದಷ್ಟನ್ನು ಖರ್ಚು ಮಾಡುತ್ತದೆ. ಅಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಸರ್ಕಾರದ ಸಂಬಳ. ಆದರೂ ಅದು ಜಗತ್ತಿನ ಸಿರಿವಂತ ದೇಶಗಳ ಸಾಲಿನಲ್ಲಿದೆ. ಅಲ್ಲಿಯವರು ದುಡಿಯುವವರ ಕೈ ಕಟ್ಟುತ್ತಿದ್ದ ಹಗ್ಗವನ್ನು ಕತ್ತರಿಸಿದರು. ಅವರಿಗೆ ಆಸರೆಯಾದ ಖರ್ಚನ್ನು ಉಳಿಸಿಕೊಂಡರು.

ಸಣ್ಣ ಸರ್ಕಾರಕ್ಕೆ ನೀವು ಕೊಡುವ ಉದಾಹರಣೆ ಸಿಂಗಪುರ. ಖರ್ಚಿನ ಲೆಕ್ಕದಲ್ಲಿ ಅದು ಉತ್ಪನ್ನದ ಐದನೇ ಒಂದು ಪಾಲನ್ನೂ ಮೀರುವುದು ಅಪರೂಪ. ಆದರೆ ಅಲ್ಲಿಯ ನೆಲದಲ್ಲಿ ಬಹುಪಾಲು ಸರ್ಕಾರದ್ದು. ಸುಮಾರು ಶೇಕಡಾ 80ರಷ್ಟು ನಿವಾಸಿಗಳು ಸರ್ಕಾರ ಕಟ್ಟಿಸಿದ ಮನೆಗಳಲ್ಲಿದ್ದಾರೆ. ಅಲ್ಲಿಯ ನಿವಾಸಿಗಳಾದ ಬಹುತೇಕ ನೌಕರರ ಸಂಬಳದ ಮೇಲೆ, ಮಾಲೀಕರ ಪಾಲೂ ಸೇರಿ, ಶೇಕಡಾ 37ರಷ್ಟು ಕಡ್ಡಾಯ ಉಳಿತಾಯ ನಿಧಿಗೆ ಹೋಗುತ್ತದೆ. ಅದು ತೆರಿಗೆಯಲ್ಲವಾದ್ದರಿಂದ ಸರ್ಕಾರದ ಖರ್ಚಿನ ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ಮನೆ, ನೆಲ, ಉಳಿತಾಯ ಮೂರರಲ್ಲೂ ಕೈಯಿಟ್ಟ ಸರ್ಕಾರವನ್ನು ಸಣ್ಣದೆನ್ನಲು ನನಗೆ ಮನಸ್ಸು ಬಾರದು. ಖರ್ಚಿನ ಥೈಲಿ ತೂಗಿ ಸರ್ಕಾರದ ಗಾತ್ರ ಹೇಳಲು ಹೊರಟರೆ ಹೀಗೆ ಮೋಸ ಹೋಗುತ್ತೇವೆ.

ಈಗ ನಮ್ಮ ಮನೆಗೆ ಬರೋಣ. ನನ್ನ ಮಾತಿನ ತಿರುಳು ಇರುವುದು ಇಲ್ಲಿ.

1950ರಿಂದ 1980ರವರೆಗೆ ಭಾರತದ ಬೆಳವಣಿಗೆ ವರ್ಷಕ್ಕೆ ಸರಾಸರಿ ಶೇಕಡಾ ಮೂರೂವರೆ. ಜನಸಂಖ್ಯೆಯ ಏರಿಕೆ ಕಳೆದರೆ ಒಬ್ಬೊಬ್ಬರ ಪಾಲಿಗೆ ಬಂದದ್ದು ಚಿಟಿಕೆಯಷ್ಟು. 'ದೊಡ್ಡ ಸರ್ಕಾರದಿಂದಾಗಿ' ಎಂದು ನಿಮ್ಮ ಮೂವತ್ತೈದು ಪ್ರಬಂಧಗಳೂ ಹೇಳುತ್ತವೆ. ಆ ಕಾಲದ ಬಜೆಟ್ಟುಗಳನ್ನು ತೆಗೆದು ನೋಡಿ. ಕೇಂದ್ರ ಮತ್ತು ರಾಜ್ಯಗಳ ಖರ್ಚು ಒಟ್ಟು ಉತ್ಪನ್ನದಲ್ಲಿ ಇಂದಿಗಿಂತ ಕಡಿಮೆ ಪಾಲಿನದಾಗಿತ್ತು. ಇಂದು ಅದು ಶೇಕಡಾ 30ರ ಆಸುಪಾಸು. ಬೆಳವಣಿಗೆಯೋ ಅಂದಿಗಿಂತ ಎಷ್ಟೋ ಚುರುಕು. ಥೈಲಿ ಚಿಕ್ಕದಿದ್ದಾಗ ನಿಧಾನವಾಗಿ ಬೆಳೆದೆವು, ದೊಡ್ಡದಾದ ಮೇಲೆ ಬೇಗ ಬೆಳೆಯುತ್ತಿದ್ದೇವೆ. ಅಂದು ದೊಡ್ಡದಿದ್ದದ್ದು ಬೇರೆಯೇ ಒಂದು ವಸ್ತು.

ಅದು ಬಾಗಿಲುಗಳ ಸಂಖ್ಯೆ. 1951ರ ಕೈಗಾರಿಕಾ ಕಾಯ್ದೆಯ ಪ್ರಕಾರ ಕಾರ್ಖಾನೆ ತೆರೆಯಲು ಪರವಾನಗಿ ಬೇಕಿತ್ತು. ಇದ್ದ ಕಾರ್ಖಾನೆಯನ್ನು ಹಿಗ್ಗಿಸಲು ಬೇಕಿತ್ತು. ಹೊಸ ಪದಾರ್ಥ ತಯಾರಿಸಲು ಬೇಕಿತ್ತು. ಯಂತ್ರ ತರಿಸಲು ಬೇರೆ, ವಿದೇಶಿ ವಿನಿಮಯಕ್ಕೆ ಬೇರೆ. ರಾಜಾಜಿ ಇದನ್ನು ಲೈಸೆನ್ಸ್ ಪರ್ಮಿಟ್ ರಾಜ್ ಎಂದು ಕರೆದರು. 1973ರ ಹೊತ್ತಿಗೆ ವೈಯಕ್ತಿಕ ಆದಾಯ ತೆರಿಗೆಯ ಅತಿ ಮೇಲಿನ ದರ ಸರ್‌ಚಾರ್ಜು ಸೇರಿ ಶೇಕಡಾ 97.75. ನಾನು ಸಣ್ಣವಳಿದ್ದಾಗ ನಮ್ಮಪ್ಪ ಸ್ಕೂಟರಿಗೆ ಹಣ ಕಟ್ಟಿ ಹೆಸರು ಬರೆಸಿದ್ದರು. ಅದು ಮನೆಗೆ ಬರುವ ಹೊತ್ತಿಗೆ ನನ್ನ ಪಿಯುಸಿ ಮುಗಿದಿತ್ತು. ತಯಾರಿಸುವವರಿಗೆ ಇನ್ನಷ್ಟು ಸ್ಕೂಟರು ತಯಾರಿಸುವ ಬುದ್ಧಿ ಇತ್ತು, ಕೊಳ್ಳುವವರ ಕೈಯಲ್ಲಿ ದುಡ್ಡಿತ್ತು. ನಡುವೆ ಅನುಮತಿ ಇರಲಿಲ್ಲ. ಈ ತಡೆಗೆ ಸರ್ಕಾರಕ್ಕೆ ತಗಲುತ್ತಿದ್ದ ಖರ್ಚೆಷ್ಟು? ಒಂದು ಮೇಜು, ಒಂದು ಕುರ್ಚಿ, ಒಂದು ಮೊಹರು. ಬಜೆಟ್ಟಿನಲ್ಲಿ ಅದರ ಗುರುತೇ ಇರುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನಮ್ಮ ಹಿರಿಯರಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತು. 1991ರ ಜುಲೈ 24ರಂದು ಬಹುತೇಕ ಕೈಗಾರಿಕೆಗಳ ಪರವಾನಗಿ ರದ್ದಾಯಿತು. ಥೈಲಿ ಹಾಗೇ ಇತ್ತು, ಬಾಗಿಲುಗಳು ಕಡಿಮೆಯಾದವು.

ಇಷ್ಟು ಓದಿದವರು, ಹಾಗಾದರೆ ಸರ್ಕಾರ ಪಕ್ಕಕ್ಕೆ ಸರಿದರೆ ಸಾಕಲ್ಲ ಎನ್ನಬಹುದು. ಬೆಂಗಳೂರಿನ ಕಥೆ ಆ ಮಾತಿಗೆ ಅರ್ಧ ಮಾತ್ರ ಒಪ್ಪುತ್ತದೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ತು ಒಯ್ದದ್ದು ಮೈಸೂರು ಸಂಸ್ಥಾನ. ಅಂದಿಗೆ ಜಗತ್ತಿನಲ್ಲೇ ಅತಿ ಉದ್ದದ ತಂತಿಮಾರ್ಗಗಳಲ್ಲಿ ಅದೂ ಒಂದು. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಗೆ ನೆಲ ಕೊಟ್ಟದ್ದೂ ಅದೇ ಸಂಸ್ಥಾನ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ನಡುವೆ ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾಲಯ, ಗಂಧದೆಣ್ಣೆಯ ಕಾರ್ಖಾನೆ ಬಂದವು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅಡಿಪಾಯ ಬಿತ್ತು. ಆಮೇಲೆ 1940ರಲ್ಲಿ ವಾಲ್‌ಚಂದ್ ಹೀರಾಚಂದರ ಜೊತೆ ಮೈಸೂರು ಸರ್ಕಾರ ಹಣ ಹೂಡಿ ಎಚ್‌ಎಎಲ್. ಸ್ವಾತಂತ್ರ್ಯದ ಬಳಿಕ ಐಟಿಐ, ಎಚ್‌ಎಂಟಿ, ಬಿಇಎಲ್. 70ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ನೆಲ ಹದಮಾಡಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅದಕ್ಕೆ ಬೇಕಾದ ಎಂಜಿನಿಯರುಗಳು ಇಲ್ಲಿ ತಯಾರಾಗಿದ್ದರು. ತಯಾರು ಮಾಡಿದ್ದು ಎಂಬತ್ತು ವರ್ಷಗಳ ಸರ್ಕಾರದ ದುಡ್ಡು ಮತ್ತು ತಾಳ್ಮೆ. ಆದರೆ ಆ ಬೆಳೆ ತೆನೆಗಟ್ಟಿದ್ದು ಪರವಾನಗಿಯ ಬೇಲಿ ಕಿತ್ತ ಮೇಲೆ. ಬಿತ್ತಿದ ಸರ್ಕಾರ ಬೇರೆ, ಬೇಲಿ ಹಾಕಿದ ಸರ್ಕಾರ ಬೇರೆ ಎಂದು ತಿಳಿಯಬೇಡಿ. ಎರಡೂ ಒಂದೇ ಸರ್ಕಾರದ ಎರಡು ಕೈ.

ಬಿತ್ತಿದ್ದೆಲ್ಲ ಫಲ ಕೊಟ್ಟಿತೆಂದೂ ನಾನು ಹೇಳುವುದಿಲ್ಲ. ನನ್ನ ಮೊದಲ ಸಂಬಳದಲ್ಲಿ ಕೊಂಡ ಎಚ್‌ಎಂಟಿ ಗಡಿಯಾರ ಇನ್ನೂ ಓಡುತ್ತಿದೆ, ಅದನ್ನು ಮಾಡಿದ ಕಾರ್ಖಾನೆ ಓಡುತ್ತಿಲ್ಲ. ಗಡಿಯಾರದ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ತೀರ್ಮಾನಿಸಿತು. ಖಾಸಗಿಯವರು ಮಾರುಕಟ್ಟೆಗೆ ಬಂದ ಬಳಿಕವೂ ವರ್ಷಗಟ್ಟಲೆ ನಷ್ಟ ತುಂಬಿಕೊಡುತ್ತಾ ಹೋದದ್ದು ಸರಿಯಲ್ಲ ಎಂಬುದೇ ನನ್ನ ಅಭಿಪ್ರಾಯ. ಆ ದುಡ್ಡಿನಲ್ಲಿ ನಾಡಿನ ಎಷ್ಟು ಶಾಲೆಗಳಿಗೆ ವಿಜ್ಞಾನದ ಮೇಷ್ಟ್ರು ಸಿಗುತ್ತಿದ್ದರೋ.

ಮೇಷ್ಟ್ರು ಎಂದಾಗ ನೆನಪಾಯಿತು, ಥೈಲಿ ಮತ್ತು ಬಾಗಿಲಿನ ಜೊತೆ ಇನ್ನೊಂದು ಅಳತೆ ಇದೆ. ಕೈಗಳು. ಇದನ್ನು ನಾನು ಕಲಿತದ್ದು ಪುಸ್ತಕದಲ್ಲಿ ಅಲ್ಲ, ನನ್ನ ಅಕ್ಕನ ಹೊಲದ ಬದುವಿನ ಮೇಲೆ.

ಅಕ್ಕನ ಮನೆ ಬೆಳವಲದ ಒಂದು ಹಳ್ಳಿಯಲ್ಲಿ. ಅವಳ ಮಗನಿಗೆ ಬ್ಯಾಡಗಿ ಮೆಣಸಿನಕಾಯಿ ಕುಟ್ಟುವ, ಪೊಟ್ಟಣ ಕಟ್ಟುವ ಸಣ್ಣ ಘಟಕ ಹಾಕುವ ಹಂಬಲ. ಹೊಲದ ಮೂಲೆಯಲ್ಲಿ ಹತ್ತು ಗುಂಟೆ ಸಾಕಿತ್ತು. ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದರು. ಉತಾರ ಮಾತ್ರ ನಾಲ್ವರು ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿ. ಹೊಲ ಅಳೆದು ಪೋಡಿ ಆಗಬೇಕು, ನಕ್ಷೆ ಬೇರೆಯಾಗಬೇಕು, ಆಮೇಲೆ ಜಮೀನು ಪರಿವರ್ತನೆ. ಅರ್ಜಿ ಕೊಟ್ಟ. ಹದಿನಾಲ್ಕು ತಿಂಗಳಾಯಿತು.

ಸರ್ವೆಯರ್ ಕೊನೆಗೆ ಬಂದ ದಿನ ನಾನೂ ಅಲ್ಲಿದ್ದೆ. ಸಿಟ್ಟಿನಲ್ಲೇ ಹೋಗಿದ್ದೆ, ನಾಲ್ಕು ಮಾತು ಕೇಳಬೇಕೆಂದು. ಬೈಕಿನ ಹಿಂದೆ ಸರಪಳಿಯ ಚೀಲ, ಮುಂದೆ ಟ್ಯಾಂಕಿನ ಮೇಲೆ ಕಡತದ ಗಂಟು. ನಿಮ್ಮ ವಯಸ್ಸಿನ ಹುಡುಗ, ಮೂವತ್ತು ದಾಟಿರಲಿಲ್ಲ. ಬೇವಿನ ಮರದ ನೆರಳಿಗೆ ಕೂತು ಅಕ್ಕ ಕೊಟ್ಟ ರೊಟ್ಟಿ, ಹಿಂಡಿ ಪಲ್ಯ ಉಣ್ಣುತ್ತಾ ಆ ಗಂಟನ್ನು ನನ್ನ ಕಡೆ ಸರಿಸಿದ. "ಇದರಾಗ ಎಷ್ಟು ಅದಾವ ಎಣಸ್ರೀ ಮೇಡಂ. ಎರಡು ಹೋಬಳಿಗೆ ನಾನೊಬ್ಬನ ಅದೀನಿ. ಇನ್ನೊಬ್ಬರದು ವರ್ಗಾ ಆಗಿ ಎರಡು ವರ್ಷ ಆತು, ಜಾಗಾ ತುಂಬಿಲ್ಲ." ನಾನು ಎಣಿಸಲಿಲ್ಲ. ಕೇಳಬೇಕೆಂದುಕೊಂಡಿದ್ದ ನಾಲ್ಕು ಮಾತೂ ಬಾಯಿಗೆ ಬರಲಿಲ್ಲ. ಊಟ ಮುಗಿಸಿ ಬಿಸಿಲಿನಲ್ಲಿ ಅವನು ಸರಪಳಿ ಹಿಡಿದು ನಡೆದ, ಹಳೆಯ ಬಾಂದುಕಲ್ಲು ಹುಡುಕಿದ, ಸಂಜೆಯ ತನಕ ಒಂದೇ ಹೊಲ. ಅಚ್ಚುಕಟ್ಟಾದ ಕೆಲಸ. ಆದರೆ ಅಷ್ಟರಲ್ಲಿ ಬ್ಯಾಂಕಿನ ಮಂಜೂರಾತಿಯ ಅವಧಿ ಮುಗಿದುಹೋಗಿತ್ತು, ನನ್ನ ಅಕ್ಕನ ಮಗ ಪುಣೆಗೆ ಹೋಗಿ ಕಾರು ಓಡಿಸುವ ಕೆಲಸ ಹಿಡಿದು ಆರು ತಿಂಗಳಾಗಿತ್ತು.

ಆ ಹತ್ತು ಗುಂಟೆಯಲ್ಲಿ ಏಳದೇ ಹೋದ ಘಟಕ ಯಾವ ಅಂಕಿಸಂಖ್ಯೆಗೂ ಬರುವುದಿಲ್ಲ. ಬರಬೇಕಾಗಿದ್ದ ಐದಾರು ಹೆಂಗಸರ ಕೂಲಿ, ಮೆಣಸಿನಕಾಯಿ ಬೆಳೆದವರಿಗೆ ಸಿಗಬೇಕಾಗಿದ್ದ ಒಂದೆರಡು ರೂಪಾಯಿ ಹೆಚ್ಚಿನ ಬೆಲೆ, ಸರ್ಕಾರಕ್ಕೇ ಬರಬೇಕಾಗಿದ್ದ ತೆರಿಗೆ, ಯಾವುದೂ ಬರಲಿಲ್ಲ. ಇಲ್ಲಿ ಬೆಳವಣಿಗೆಯನ್ನು ತಡೆದದ್ದು ದೊಡ್ಡ ಸರ್ಕಾರವೋ ಸಣ್ಣ ಸರ್ಕಾರವೋ, ನೀವೇ ಹೇಳಿ. ಕಾಗದ ಕೇಳುವುದರಲ್ಲಿ ಅದು ದೊಡ್ಡದಾಗಿತ್ತು. ಹೊಲಕ್ಕೆ ಬಂದು ಅಳೆಯುವುದರಲ್ಲಿ ಚಿಕ್ಕದಾಗಿತ್ತು.

'ಭೂಮಿ' ಯೋಜನೆಯನ್ನು ನೀವೆಲ್ಲ ಬಾಯಿಪಾಠ ಮಾಡಿದ್ದೀರಿ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕಿನ ಕಿಂಡಿಯಲ್ಲಿ 15 ರೂಪಾಯಿಗೆ ಕೊಡುವಂತೆ ಮಾಡಿದ್ದು. ದೇಶಕ್ಕೇ ಮಾದರಿಯಾದ ಕೆಲಸ, ಹೆಮ್ಮೆಪಡಬೇಕಾದ್ದೇ. ಒಂದು ಬಾಗಿಲು ಹೋಯಿತು. ಪಹಣಿಯ ಪ್ರತಿ ಈಗ ನಿಮಿಷದಲ್ಲಿ ಸಿಗುತ್ತದೆ. ಪೋಡಿಗೆ ಮಾತ್ರ ಹೊಲದಲ್ಲಿ ಒಂದು ಜೊತೆ ಕಾಲು ಬೇಕು. ಆ ಕೆಲಸ ಕಂಪ್ಯೂಟರು ಮಾಡದು.

ಇನ್ನು ನ್ಯಾಯಾಲಯ. ಹತ್ತು ಲಕ್ಷ ಜನರಿಗೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ 1987ರಲ್ಲೇ ಹೇಳಿತ್ತು. ಮಂಜೂರಾದ ಹುದ್ದೆಗಳನ್ನೆಲ್ಲ ಎಣಿಸಿದರೂ ಇಂದು 21ರ ಸುತ್ತಮುತ್ತ ಇದ್ದೇವೆ. ಅದರಲ್ಲೂ ಖಾಲಿ ಇರುವವು ಬೇರೆ. ಕೊಟ್ಟ ಮಾತು ಮುರಿದವನ ಮೇಲೆ ದಾವೆ ಹೂಡಿದರೆ ಮೊಮ್ಮಕ್ಕಳ ಕಾಲಕ್ಕೆ ತೀರ್ಪು ಎಂದಾದರೆ ಅಪರಿಚಿತನ ಜೊತೆ ಯಾರು ವ್ಯಾಪಾರ ಮಾಡುತ್ತಾರೆ? ಅಣ್ಣತಮ್ಮಂದಿರು, ಬೀಗರು, ಜಾತಿಯವರು, ಇಷ್ಟರೊಳಗೇ ವ್ಯಾಪಾರ ಸುತ್ತುತ್ತದೆ. ಸಣ್ಣ ಅಂಗಡಿ ಸಣ್ಣದಾಗಿಯೇ ಉಳಿಯುತ್ತದೆ.

ಕರ್ನಾಟಕ ಸರ್ಕಾರದ ಏಳೂವರೆ ಲಕ್ಷಕ್ಕೂ ಮೀರಿದ ಮಂಜೂರಾದ ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಖಾನೆಗಳ ಗೋಡೆಗೆ ಅಂಟಿಸಿಕೊಂಡಿದ್ದೀರಿ. 2024ರ ಅಕ್ಟೋಬರಿನಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ತೀರ್ಮಾನದ ತನಕ ಹೊಸ ಅಧಿಸೂಚನೆ ಇಲ್ಲ ಎಂದಾಗ ನಿಮ್ಮಲ್ಲಿ ಹಲವರ ವಯೋಮಿತಿ ಸರಿಯುತ್ತಿತ್ತು. ಮುಂದೆ ನೀವು ಬೀದಿಗಿಳಿದಾಗ ನಿಮ್ಮ ಬೇಡಿಕೆ ನ್ಯಾಯವಾದದ್ದೇ ಆಗಿತ್ತು. ಆದರೆ ಅಲ್ಲಿ 'ನಮಗೆ ಕೆಲಸ ಕೊಡಿ' ಎಂಬ ಕೂಗು ಕೇಳಿದಷ್ಟು 'ಜನರಿಗೆ ಕೈಗಳನ್ನು ಕೊಡಿ' ಎಂಬ ಕೂಗು ಕೇಳಲಿಲ್ಲ. ಎರಡನೆಯದನ್ನು ಕೂಗಿದ್ದರೆ ನನ್ನ ಅಕ್ಕನಂಥವರೂ ನಿಮ್ಮ ಹಿಂದೆ ನಿಲ್ಲುತ್ತಿದ್ದರು.

ಹುದ್ದೆ ಯಾಕೆ ತುಂಬುವುದಿಲ್ಲ ಎಂಬ ಲೆಕ್ಕವನ್ನೂ ನೋಡಬೇಕು. ವಿತ್ತೀಯ ಹೊಣೆಗಾರಿಕೆಯ ಕಾಯ್ದೆಯನ್ನು 2002ರಲ್ಲಿ ದೇಶದಲ್ಲೇ ಮೊದಲು ತಂದ ರಾಜ್ಯ ನಮ್ಮದು. ಸಾಲ ಮಾಡಿ ಹೊಟ್ಟೆ ತುಂಬಿಸಿಕೊಳ್ಳಬಾರದು, ಕೊರತೆ ರಾಜ್ಯದ ಉತ್ಪನ್ನದ ಶೇಕಡಾ 3 ಮೀರಬಾರದು ಎಂಬ ಕಟ್ಟು. ಒಳ್ಳೆಯ ಕಟ್ಟೇ. ಆ ಹಾಸಿಗೆಯೊಳಗೆ ಕಾಲು ಚಾಚಬೇಕು. 2025-26ರ 4.09 ಲಕ್ಷ ಕೋಟಿಯ ಬಜೆಟ್ಟಿನಲ್ಲಿ ಐದು ಗ್ಯಾರಂಟಿ ಯೋಜನೆಗಳಿಗೆ 51 ಸಾವಿರ ಕೋಟಿ, ಎಂಟರಲ್ಲಿ ಒಂದು ಪಾಲು. ಅದರ ಜೊತೆಗೆ ಸಂಬಳ, ಪಿಂಚಣಿ, ಬಡ್ಡಿ. ಗ್ಯಾರಂಟಿಗಳನ್ನು ಹೀಯಾಳಿಸುವವರ ಸಾಲಿನಲ್ಲಿ ನಾನಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ಬಂದ ದಿನ ಅಕ್ಕನ ಓಣಿಯ ಹೆಂಗಸರ ಮುಖ ನೋಡಿದವರು ಹೀಯಾಳಿಸಲಾರರು. ಆದರೆ ಖಾತೆಗೆ ಹಣ ಹಾಕುವುದು ಸರ್ಕಾರಕ್ಕೆ ಸುಲಭದ ಕೆಲಸ. ಒಂದು ಗುಂಡಿ ಒತ್ತಿದರೆ ಕೋಟಿ ಮನೆ ಮುಟ್ಟುತ್ತದೆ. ಸರ್ವೆಯರನನ್ನು ಹುಡುಕಿ, ಪರೀಕ್ಷೆ ನಡೆಸಿ, ಸೋರಿಕೆಯಾಗದಂತೆ ಕಾದು, ತರಬೇತಿ ಕೊಟ್ಟು, ಹೋಬಳಿಯಲ್ಲಿ ನಿಲ್ಲಿಸುವುದು ಕಷ್ಟದ ಕೆಲಸ. ಸುಲಭದ್ದು ಹಿಗ್ಗುತ್ತಿದೆ, ಕಷ್ಟದ್ದು ಸೊರಗುತ್ತಿದೆ. ಈ ಮಾತು ಒಂದು ಪಕ್ಷದ ಸರ್ಕಾರಕ್ಕಷ್ಟೇ ಅನ್ವಯಿಸುವುದಿಲ್ಲ. ಆರಿಸಿ ಬಂದ ಸರ್ಕಾರಗಳೆಲ್ಲ ಇದೇ ದಾರಿ ಹಿಡಿದಿವೆ.

ನಿಮಗೆ ಹಿಡಿಸದ ಒಂದು ಮಾತನ್ನೂ ಹೇಳಲೇಬೇಕು. 7ನೇ ವೇತನ ಆಯೋಗದ ಬಳಿಕ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲವೇತನ 27 ಸಾವಿರ. ಅದೇ ಬಗೆಯ ಕೆಲಸಕ್ಕೆ ಊರಿನ ಅಂಗಡಿಯಲ್ಲಿ, ಖಾಸಗಿ ಶಾಲೆಯಲ್ಲಿ ಎಷ್ಟು ಕೊಡುತ್ತಾರೆಂದು ನಿಮಗೇ ಗೊತ್ತು. ಇಷ್ಟು ಅಂತರ ಇರುವುದರಿಂದಲೇ ಸರ್ಕಾರ ಒಬ್ಬರಿಗೆ ಪೂರ್ಣ ಸಂಬಳ ಕೊಟ್ಟು, ಪಕ್ಕದ ನಾಲ್ಕು ಕುರ್ಚಿ ಖಾಲಿ ಬಿಟ್ಟು, ಅತಿಥಿ ಉಪನ್ಯಾಸಕರು, ಹೊರಗುತ್ತಿಗೆಯವರು ಎಂದು ಕಾಲಭಾಗ ಸಂಬಳದಲ್ಲಿ ಕೆಲಸ ಸಾಗಿಸುತ್ತದೆ. ಇದೇ ಅಂತರದ ಸೆಳೆತಕ್ಕೆ ಲಕ್ಷಗಟ್ಟಲೆ ಹುಡುಗ ಹುಡುಗಿಯರು ಇಪ್ಪತ್ತೆರಡರಿಂದ ಮೂವತ್ತೈದರ ತನಕ ಖಾನೆಯಲ್ಲಿ ಕೂರುತ್ತಾರೆ. ದುಡಿಯುವ, ಹೊಸದು ಕಲಿಯುವ, ಧೈರ್ಯ ಮಾಡುವ ವಯಸ್ಸು ಅದು. ಈ ವರ್ಷಗಳು ನಾಡಿನ ಉತ್ಪನ್ನದ ಲೆಕ್ಕದಿಂದ ಕಳೆದುಹೋಗುತ್ತಿವೆ. ನನ್ನ ಸಂಬಳವೂ ಇದೇ ಏಣಿಯಲ್ಲಿ ಏರಿತ್ತು, ಈಗ ಪಿಂಚಣಿಯೂ ಏರುತ್ತಿದೆ. ಆದ್ದರಿಂದ ಇದನ್ನು ಹೇಳುವಾಗ ನನಗೆ ಮುಜುಗರ ಆಗುತ್ತದೆ. ಹಾಗೆಂದು ಬಚ್ಚಿಡಲಾರೆ: ಸಂಬಳದ ಏರಿಕೆ ತುಸು ನಿಧಾನವಾಗಿ, ಹುದ್ದೆಗಳ ಭರ್ತಿ ತುಸು ಬೇಗವಾಗಿ ನಡೆದಿದ್ದರೆ ನಾಡಿಗೆ ಒಳ್ಳೆಯದಾಗುತ್ತಿತ್ತು.

ಕೈಗಳು ಎಲ್ಲಿರಬೇಕು ಎಂಬ ಪ್ರಶ್ನೆಗೆ ನಮ್ಮ ನಾಡಿನಲ್ಲೇ ಒಬ್ಬರು ಉತ್ತರ ಕೊಟ್ಟಿದ್ದರು. ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಎಂದು ಹೆಸರಾದವರು. ಅವರು ಮಂತ್ರಿಯಾಗಿದ್ದಾಗ ರೂಪಿಸಿದ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು. ಶಾಲೆಯ ಮೇಷ್ಟ್ರು ಬರಲಿಲ್ಲ, ಪಂಪು ಕೆಟ್ಟಿದೆ ಎಂದರೆ ಕೇಳುವವರು ಜಿಲ್ಲೆಯಲ್ಲೇ ಇದ್ದರು, ಬೆಂಗಳೂರಿಗೆ ಬಸ್ಸು ಹತ್ತಬೇಕಾಗಿರಲಿಲ್ಲ. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ತಡವಾಗಿ ಬರುತ್ತಿದ್ದ ಹಳ್ಳಿಯ ಶಿಕ್ಷಕರು ಗಂಟೆ ಹೊಡೆಯುವ ಮೊದಲೇ ಶಾಲೆಯಲ್ಲಿರುವುದನ್ನು ಕಣ್ಣಾರೆ ಕಂಡೆ. ಸರ್ಕಾರದ ಖರ್ಚು ಹೆಚ್ಚಾಗಿರಲಿಲ್ಲ, ಸರ್ಕಾರ ಹತ್ತಿರ ಬಂದಿತ್ತು. ಸಂವಿಧಾನದ 73ನೇ ತಿದ್ದುಪಡಿಗಿಂತ ಮುಂಚಿನ ಮಾತಿದು. ಅದೇ ಕರ್ನಾಟಕದಲ್ಲಿ, 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸಲಿಲ್ಲ. ಇದು ನನಗೆ ತೀರಾ ನೋವಿನ ಸಂಗತಿ.

ಕೈಗಳು ಎಲ್ಲಿ ಹೆಚ್ಚು ಬೇಕು ಎಂಬುದಕ್ಕೂ ಒಂದು ಲೆಕ್ಕವಿದೆ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ ಹೆಚ್ಚಿನವು ಉತ್ತರದ ಜಿಲ್ಲೆಗಳವು, ನಿಮ್ಮಲ್ಲಿ ಅನೇಕರ ಊರುಗಳು. ಅವರಲ್ಲಿ ಕಲ್ಯಾಣ ಕರ್ನಾಟಕದವರು ಸಂವಿಧಾನದ 371 ಜೆ ವಿಧಿಯಡಿ ಮೀಸಲಾತಿ ಪಡೆದಾಗ ನನಗೆ ಸಂತೋಷವಾಗುತ್ತದೆ. ಅದೇ ಮಕ್ಕಳು ಕೆಲಸ ಸಿಕ್ಕ ವಾರದಲ್ಲೇ ಬೆಂಗಳೂರಿಗೋ ಹುಬ್ಬಳ್ಳಿಗೋ ನಿಯೋಜನೆ ಮಾಡಿಸಿಕೊಳ್ಳಲು ಶಾಸಕರ ಪತ್ರ ಹುಡುಕುವುದನ್ನೂ ಕಂಡಿದ್ದೇನೆ. ಸುರಪುರದಲ್ಲಿ, ದೇವದುರ್ಗದಲ್ಲಿ ಸರ್ಕಾರ ಎಷ್ಟು ದೊಡ್ಡದು ಎಂಬುದು ವಿಧಾನಸೌಧದ ಬಜೆಟ್ ಪುಸ್ತಕದಲ್ಲಿ ತೀರ್ಮಾನವಾಗುವುದಿಲ್ಲ. ಆದೇಶ ಪತ್ರ ಹಿಡಿದ ನೀವು ಆ ಊರಿನಲ್ಲಿ ಇಳಿದು ಬಾಡಿಗೆ ಮನೆ ಹುಡುಕುತ್ತೀರೋ ಇಲ್ಲವೋ ಎಂಬುದರಲ್ಲಿ ಆಗುತ್ತದೆ.

ಕೆಲಸ ಸಿಗದವರೂ ನಿಮ್ಮಲ್ಲಿ ಬಹಳ ಮಂದಿ ಇರುತ್ತಾರೆ. ಹುದ್ದೆಗಳೆಲ್ಲ ತುಂಬಿದರೂ ಅರ್ಜಿ ಹಾಕಿದವರಲ್ಲಿ ಹೆಚ್ಚಿನವರು ಹೊರಗೇ ಉಳಿಯುತ್ತಾರೆ. ನೀವು ಊರಿಗೆ ಮರಳಿ ಒಂದು ಗಿರಣಿಯೋ ಅಂಗಡಿಯೋ ಡೈರಿಯೋ ಹಾಕಲು ಹೊರಟಾಗ ಮೇಜಿನ ಈಚೆ ನಿಂತಿರುತ್ತೀರಿ. ಆಚೆ ಕೂತವರು ನಿಮ್ಮ ಇಂದಿನ ಪಕ್ಕದ ಖಾನೆಯವರೇ ಆಗಿರಬಹುದು. ಆ ಇಬ್ಬರ ನಡುವೆ ಎಷ್ಟು ದಿನ ಕಳೆಯುತ್ತದೋ ಅದನ್ನೇ ನಾನು ಸರ್ಕಾರದ ಗಾತ್ರ ಅಳೆಯುವ ಕೋಲು ಎಂದುಕೊಂಡಿದ್ದೇನೆ.

ಮುಂದಿನ ಭಾನುವಾರ ಅದೇ ವಿಷಯದ ಮೇಲೆ ಇನ್ನೊಮ್ಮೆ ಬರೆದು ತನ್ನಿ. ಆರ್ಮಿ, ವ್ಯಾಗ್ನರ್ ಎರಡನೇ ಪುಟಕ್ಕೆ ಬರಲಿ. ಮೊದಲ ಪುಟದಲ್ಲಿ ನಿಮ್ಮ ಮನೆಯವರು ಸರ್ಕಾರದಿಂದ ಆಗಬೇಕಾದ ಒಂದು ಕೆಲಸಕ್ಕೆ ಕಾದ ಕಥೆ ಇರಲಿ. ಯಾವ ಕಾಗದ, ಯಾವ ಮೇಜು, ಎಷ್ಟು ದಿನ, ಅಷ್ಟರಲ್ಲಿ ಏನು ಕೈತಪ್ಪಿತು, ಅಲ್ಲಿ ಬಾಗಿಲು ಹೆಚ್ಚಾಗಿತ್ತೋ ಕೈ ಕಡಿಮೆಯಾಗಿತ್ತೋ. ಅವ್ವನಿಗೆ ಫೋನು ಮಾಡಿ ಕೇಳಿ, ಅವಳಿಗೆ ತಾರೀಖುಗಳೂ ನೆನಪಿರುತ್ತವೆ. ಸಂಜೆ ನಾಲ್ಕಕ್ಕೆ ಬನ್ನಿ, ಚಹಾಕ್ಕೆ ಇಟ್ಟಿರುತ್ತೇನೆ.

ನಿಮ್ಮ,
ಭಾನುವಾರದ ಮೇಡಂ
ಧಾರವಾಡ